ಬದಲಿ ಬರುವವರೆಗೆ

೩ ಮಾರ್ಚ್ ೧೯೨೪, ಸೋಮವಾರ. ಹೌಗೆಸುಂದ್

ನಮ್ಮ ಹಡಗಿನ ಮಾಲೀಕ ಪ್ರತಿ ಪಾಳಿಯಿಂದ ಒಬ್ಬ ನಾವಿಕನನ್ನು ತೆಗೆದುಹಾಕಿದ್ದಾನೆ. ಇದು ಅನ್ಯಾಯ. ಮೊದಲು ಪಾಳಿಗೆ ಮೂವರಿದ್ದರು: ಒಬ್ಬ ಚುಕ್ಕಾಣಿಗೆ, ಒಬ್ಬ ಹಡಗಿನ ಮೂತಿಯಲ್ಲಿ ಮುಂಗಾವಲಿಗೆ, ಒಬ್ಬ ಉಳಿದ ಕೆಲಸಕ್ಕೆ. ಈಗ ಇಬ್ಬರು. ಮುಂದೇನಿದೆ ಎಂದು ನೋಡಬೇಕಾದವನ ಕೈಗೆ ತುಕ್ಕು ಕೆರೆಯುವ ಸುತ್ತಿಗೆ ಕೊಡುತ್ತಾರೆ. ಬಗ್ಗಿ ತುಕ್ಕು ಕೆರೆಯುವವನಿಗೆ ತುಕ್ಕು ಕಾಣುತ್ತದೆ, ಎದುರಿನ ದೋಣಿ ಕಾಣುವುದಿಲ್ಲ. ಆ ದೋಣಿಯಲ್ಲಿರುವವರು ಮಾಲೀಕನ ನೆಂಟರಲ್ಲ, ಬೆಸ್ತರು. ಆದ್ದರಿಂದ ಯಾರಿಗೂ ನಿದ್ದೆ ಕೆಡುವುದಿಲ್ಲ.

ನನ್ನ ನಿದ್ದೆ ಕೆಟ್ಟಿದೆ. ನಾನು ಐಲಿಫ್, ಇಪ್ಪತ್ತು ವರ್ಷದವನು, ಈ ಹೊತ್ತು 'ಸ್ಕಾರ್ವ್' ಎಂಬ ಹೊಗೆಹಡಗಿಗೆ ಸೇರಿದೆ. ಸ್ಕಾರ್ವ್ ಎಂದರೆ ನೀರುಕಾಗೆ. ಹೆಸರಿಗೆ ತಕ್ಕಂತೆ ಕಪ್ಪಗಿದೆ, ತೊಟ್ಟಿಕ್ಕುತ್ತದೆ. ಬಡಗಣ ಲೊಫೊಟೆನ್ ದ್ವೀಪಗಳಿಗೆ ಉಪ್ಪು ಒಯ್ದು ಅಲ್ಲಿಂದ ಒಣಮೀನು ತರುವುದು ಅದರ ಕೆಲಸ. ನನ್ನ ಕೆಲಸ ಬೇರೆ. ನನ್ನ ಚೀಲದಲ್ಲಿ ಎರಡು ಅಂಗಿಗಳ ನಡುವೆ ಹನ್ನೊಂದು ಕರಪತ್ರಗಳಿವೆ. ನಾನು ಶಾಲೆಯಲ್ಲಿ ಕಲಿಯದ್ದನ್ನೆಲ್ಲ ಅವುಗಳಲ್ಲಿ ಕಲಿತಿದ್ದೇನೆ. ಈ ಹಡಗಿನ ದುಡಿಯುವ ಜನರನ್ನು ಎಬ್ಬಿಸಿಯೇ ತೀರುತ್ತೇನೆ.

ಅಡುಗೆಯ ಕೊರ್ನೆಲಿಯಸ್ ಚೀಲವನ್ನು ನೋಡಿಬಿಟ್ಟ. ಸಂಜೆಯೊಳಗೆ ನನಗೆ ಹೆಸರಿಟ್ಟಾಯಿತು. "ಏನೋ ಕರಪತ್ರ, ಕ್ರಾಂತಿ ಊಟಕ್ಕೆ ಮುಂಚೆನೋ ಆಮೇಲೋ? ಆಲೂಗಡ್ಡೆ ಬೇಯಕ್ಕಿಡಬೇಕು" ಎಂದ. ಎಲ್ಲರೂ ನಕ್ಕರು. ನಗಲಿ.

ಮೇಟ್ ಬ್ರೂನ್ ಎಂಬವನು ಕ್ಯಾಪ್ಟನ್ನಿನ ಕೆಳಗಿನ ಅಧಿಕಾರಿ. ಗಂಜಿ ಹಾಕಿದ ಕಾಲರು, ಚರ್ಮದ ಕೈಗವಸು. ಮಾಲೀಕನ ಸಾಕುನಾಯಿಗೆ ಬೇರೆ ಗುರುತು ಬೇಕಿಲ್ಲ. ಏಣಿ ಹತ್ತಿ ಬಂದ ನನ್ನನ್ನು ತಡೆದು, ಆಚೆ ದಡದ ಗೋದಾಮಿನ ಗೋಡೆಯ ಮೇಲೇನು ಬರೆದಿದೆ ಎಂದು ಓದಿಸಿದ. ಓದಿದೆ. "ಕಣ್ಣಿದೆ. ನೋಡೋದು ಕಲಿಸ್ಬೇಕು" ಎಂದು ತನಗೆ ತಾನೇ ಹೇಳಿಕೊಂಡು ಹೋದ. ನನ್ನನ್ನು ಮುಂಗಾವಲಿಗೆ ತರಬೇತು ಮಾಡುತ್ತಾನಂತೆ. ಹುಟ್ಟಿದಾಗಿನಿಂದ ನೋಡುತ್ತಲೇ ಇದ್ದೇನೆ. ಇವನಿಂದ ಏನು ಕಲಿಯುವುದು?

೫ ಮಾರ್ಚ್, ಬುಧವಾರ. ಕಡಲಲ್ಲಿ

ಮೊದಲ ಪಾಠ. ಮೂತಿಯ ತುದಿಗೆ ಕರೆದೊಯ್ದು ನಿಲ್ಲಿಸಿದ. ಒರಗುವಂತಿಲ್ಲ, ಕೂರುವಂತಿಲ್ಲ, ಹಾಡುವಂತಿಲ್ಲ, ಪೈಪು ಹಚ್ಚುವಂತಿಲ್ಲ. ಬೆಂಕಿಕಡ್ಡಿಯ ಒಂದು ಕ್ಷಣದ ಬೆಳಕು ಅರ್ಧ ಗಂಟೆಯ ಕಣ್ಣನ್ನು ತಿನ್ನುತ್ತದಂತೆ. ನಾನು ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಿದ್ದೆ.

"ಟೋಪಿ ಎತ್ತು" ಎಂದ. "ನಿನ್ನ ಕಿವಿಗೂ ಸಂಬಳ ಕೊಡ್ತಿದೀವಿ."

ಗಾಳಿ ಚೂರಿಯಂತಿತ್ತು. ಎತ್ತಿದೆ. ಅವನು ಬೆಚ್ಚಗಿನ ಚುಕ್ಕಾಣಿ ಕಟ್ಟೆಗೆ ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ. ಬಹಳ ಹೊತ್ತು ಪಕ್ಕದಲ್ಲೇ ನಿಂತಿದ್ದ. ನನ್ನನ್ನು ಕಾಯಲು ಇರಬೇಕು. ದುಡಿಯುವವನ ಮೇಲೆ ನಂಬಿಕೆಯಿಲ್ಲದ ವರ್ಗ.

ಗಂಟೆಯ ಲೆಕ್ಕ ಸುಲಭ. ಬಲಗಡೆ ಏನಾದರೂ ಕಂಡರೆ ಒಂದು ಸಲ, ಎಡಗಡೆಗೆ ಎರಡು, ನೇರ ಮುಂದೆ ಇದ್ದರೆ ಮೂರು. ಕಟ್ಟೆಯಿಂದ ಉತ್ತರ ಬರುವವರೆಗೆ ಬಾರಿಸುತ್ತಿರಬೇಕು. ಕಣ್ಣನ್ನು ಪೊರಕೆಯಂತೆ ಗುಡಿಸಬಾರದು, ಒಂದೊಂದು ತುಂಡು ನೀರನ್ನು ನಿಂತು ನಿಂತು ನೋಡಬೇಕು. ಮಸುಕಾದ ದೀಪವನ್ನು ನೇರ ನೋಡಿದರೆ ಅದು ಅಡಗುತ್ತದೆ, ಪಕ್ಕಕ್ಕೆ ನೋಡಿದರೆ ಹೊರಬರುತ್ತದೆ. ಇದು ಸುಳ್ಳೆಂದು ತೋರಿಸಲು ಸಂಜೆಯೆಲ್ಲ ಪ್ರಯತ್ನಿಸಿದೆ. ಸುಳ್ಳಲ್ಲ.

೬ ಮಾರ್ಚ್, ಗುರುವಾರ

ಚಳಿ. ಬೆರಳು ಮಡಚಲು ಆಗುತ್ತಿಲ್ಲ. ಶೋಷಣೆಯ ಬಗ್ಗೆ ನಾಳೆ ಬರೆಯುತ್ತೇನೆ.

೯ ಮಾರ್ಚ್, ಭಾನುವಾರ

ಇಂದು ನಡೆದುದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ಬರೆಯದಿದ್ದರೆ ಹೇಡಿತನ.

ನಮ್ಮ ಪಾಳಿ ಮುಗಿಯುತ್ತ ಬಂದಿತ್ತು. ಆಕಾಶ ತಿಳಿಯಾಗಿತ್ತು. ಎಡಗಡೆ, ಪಡುವಣ ದಿಕ್ಕಿನಲ್ಲಿ, ನೀರಿಗೆ ತಾಕಿದಂತೆ ಒಂದು ದೊಡ್ಡ ಬಿಳಿ ದೀಪ. ಎರಡು ಗಂಟೆ ಬಾರಿಸಿ, ಎದೆ ತುಂಬಿ ಕೂಗಿದೆ: "ಎಡಕ್ಕೆ ಹಡಗು, ಇಂಗ್ಲಿಷ್ ಕಲ್ಲಿದ್ದಲು ಹಡಗು, ನಮ್ಮ ಕಡೆಗೇ ಬರ್ತಿದೆ."

ಚುಕ್ಕಾಣಿಯಲ್ಲಿ ನನ್ನ ಪಾಳಿಯ ಜೊತೆಗಾರ ಹಾಲ್ಡೋರ್ ಇದ್ದ. ಅವನು ಹಡಗಿನ ಹಳಬ, ಇಬ್ಬರು ಮಕ್ಕಳ ತಂದೆ, ಮಾತು ಕಡಿಮೆ. ಬ್ರೂನ್ ದುರ್ಬೀನು ಹಿಡಿದು ನೋಡಿದ. ಆ ಹಡಗು ಬರಲಿಲ್ಲ. ಮೆಲ್ಲಗೆ ಕೆಂಪಾಗಿ ಕಡಲೊಳಗೆ ಇಳಿದುಹೋಯಿತು. ಅದು ಬೆಳ್ಳಿ ಚುಕ್ಕಿ.

ಊಟದ ಕೋಣೆಯಲ್ಲಿ ನನ್ನ ಕಥೆ ಮುಗಿಯಿತು. ಬೆಳ್ಳಿಗೆ ಕಾರ್ಮಿಕ ಸಂಘದ ಸದಸ್ಯತ್ವ ಕೊಟ್ಟೆಯಾ ಎಂದು ಒಬ್ಬ ಕೇಳಿದ. ಕೊರ್ನೆಲಿಯಸ್ ಬಾಗಿಲಿಗೆ ಬಂದು, ಎಡಕ್ಕೆ ಹಡಗು, ಅದರಲ್ಲಿ ಹೆರಿಂಗ್ ಮೀನಿನ ಸಾರು ಎಂದು ಸಾರಿ ತಟ್ಟೆ ಇಟ್ಟ.

ಬ್ರೂನ್ ಮಾತ್ರ ನಗಲಿಲ್ಲ. ಅದೇ ಹೆಚ್ಚು ಉರಿಸಿತು. ಮೂತಿಗೆ ಕರೆದು, ಏನು ಕಂಡಿತು ಎಂದು ಕೇಳಿದ. ಹಡಗು ಅಂದುಕೊಂಡೆ ಎಂದೆ.

"ಅಂದ್ಕೊಂಡಿದ್ದನ್ನ ಕೇಳಲಿಲ್ಲ. ಕಂಡದ್ದು?"

"ಬಿಳಿ ದೀಪ."

"ಅಷ್ಟೇ ಹೇಳು. ನೂರು ಚುಕ್ಕಿ ತೋರ್ಸು, ನಾನು ಬೈಯಲ್ಲ. ಎಲ್ಲಿದೆ, ಹೆಂಗಿದೆ, ಅಷ್ಟು ನಿಂದು. ಅದೇನು ಅಂತ ಯೋಚ್ನೆ ಮಾಡೋದು ನಂದು. ನೀನು ಹೆಸರಿಟ್ಟೆ ಅಂದ್ರೆ ನಾನೂ ಆ ಹೆಸರನ್ನೇ ನೋಡ್ತೀನಿ, ಕಡಲನ್ನ ನೋಡಲ್ಲ."

ಯೋಚಿಸುವ ಹಕ್ಕು ಅಧಿಕಾರಿಗೆ, ನೋಡುವ ದುಡಿಮೆ ನಮಗೆ. ಇದಕ್ಕಿಂತ ಸ್ಪಷ್ಟವಾಗಿ ಯಾವ ಕರಪತ್ರವೂ ಹೇಳಿಲ್ಲ. ಆದರೂ ಆ ಮಾತು ತಲೆಯಿಂದ ಇಳಿಯುತ್ತಿಲ್ಲ.

೧೧ ಮಾರ್ಚ್, ಮಂಗಳವಾರ. ಕ್ರಿಸ್ಟಿಯಾನ್ಸುಂದ್

ಮಾಲೀಕನಿಂದ ತಂತಿ ಬಂದಿದೆ. ಬೇರೊಂದು ಹಡಗೂ ಉಪ್ಪು ಹೊತ್ತು ಹೊರಟಿದೆಯಂತೆ. ಅದಕ್ಕಿಂತ ಮೊದಲು ಮುಟ್ಟಬೇಕು, ಮುಟ್ಟುವಾಗ ಹಡಗಿಗೆ ಹೊಸ ಬಣ್ಣ ಆಗಿರಬೇಕು. ಹಗಲಿನ ಮುಂಗಾವಲು ಬೇಡ, ಆ ಕೈಗಳನ್ನು ಡೆಕ್ಕಿನ ಕೆಲಸಕ್ಕೆ ಹಾಕಿ ಎಂದು ನಮ್ಮ ಕ್ಯಾಪ್ಟನ್, ಸ್ಕೊಗೆ ಎಂಬವನು, ಹೇಳಿದ. ಅವನ ಮುಖದಲ್ಲೂ ಸುಖವಿರಲಿಲ್ಲ. ನಕಾಶೆಯ ಕೋಣೆಯ ಕಿಟಕಿ ತೆರೆದಿತ್ತು. ಬ್ರೂನ್ ವಾದ ಮಾಡುವುದು ಕೇಳಿಸಿತು. ದನಿ ಏರಿಸದೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: ಲೊಫೊಟೆನ್ನಿನಲ್ಲಿ ಈಗ ಮೀನಿನ ಕಾಲ, ನೀರಿನ ಮೇಲೆಲ್ಲ ದೋಣಿ, ಹಿಮ ಸುರಿಯಲು ಹಗಲೆಂದೂ ರಾತ್ರಿಯೆಂದೂ ಇಲ್ಲ. ಸೋತ.

ರಾತ್ರಿಯ ಊಟಕ್ಕೆ ನಾನು ಎದ್ದು ನಿಂತೆ. ಸಿದ್ಧಮಾಡಿಕೊಂಡಿದ್ದ ಭಾಷಣವನ್ನು ಪೂರ್ತಿ ಮಾಡಿದೆ. ಬಂಡವಾಳ, ಬೆವರು, ಇತಿಹಾಸದ ಚಕ್ರ. ಮುಂಗಾವಲು ಕೊಡುವವರೆಗೆ ಹಡಗು ನಡೆಸಬಾರದು ಎಂದೆ. ಎಲ್ಲರೂ ಉಣ್ಣುತ್ತಲೇ ಇದ್ದರು. ಫೋರ್ಕುಗಳ ಸದ್ದು. ಕೊನೆಗೆ ಹಾಲ್ಡೋರ್ ಬಾಯಿ ಒರೆಸಿಕೊಂಡ.

"ಚೆನ್ನಾಗಿ ಮಾತಾಡ್ತೀಯ ಕಣೋ. ನನ್ನ ಮಕ್ಕಳು ಮಾತು ತಿನ್ನಲ್ಲ."

ಇವರಿಗೆ ಸರಪಳಿಯೇ ಆಭರಣ.

೧೩ ಮಾರ್ಚ್, ಗುರುವಾರ

ಹಗಲಿಡೀ ಮೂತಿಯಲ್ಲಿ ಯಾರೂ ಇರಲಿಲ್ಲ. ತುಕ್ಕು ಕೆರೆದೆ. ಐದು ಏಟಿಗೊಮ್ಮೆ ತಲೆ ಎತ್ತಿ ನೋಡುತ್ತಿದ್ದೆ. ಹಾಲ್ಡೋರ್ ಕೂಡ ಚುಕ್ಕಾಣಿಯಿಂದ ಕುತ್ತಿಗೆ ಉದ್ದಮಾಡಿ ನೋಡುತ್ತಿದ್ದುದು ಕಂಡಿತು.

೧೪ ಮಾರ್ಚ್, ಶುಕ್ರವಾರ

ಇಂದು ಸಂಜೆಯಿಂದ ನಾನು ಒಬ್ಬನೇ ಮುಂಗಾವಲು ನಿಲ್ಲಬಹುದು ಎಂದು ಬ್ರೂನ್ ಹೇಳಿದರು. ಹೊಗಳಲಿಲ್ಲ. "ಇನ್ಮೇಲೆ ನಾನು ಪಕ್ಕದಲ್ಲಿರಲ್ಲ" ಎಂದರು, ಅಷ್ಟೇ. ನನಗೆ ಹಡಗಿನಷ್ಟು ಎತ್ತರವಾದಂತಾಯಿತು. ಇದನ್ನು ಯಾರಿಗೂ ಹೇಳಿಲ್ಲ.

ಕೊನೆಯ ಪಾಠ ಬದಲಿಯದು. ಮುಂಗಾವಲು ನಿಂತವನು ತನ್ನಷ್ಟಕ್ಕೆ ಇಳಿಯುವಂತಿಲ್ಲ, ಯಾರು ಕರೆದರೂ ಇಳಿಯುವಂತಿಲ್ಲ. ಬದಲಿ ಬಂದು ಪಕ್ಕದಲ್ಲಿ ನಿಲ್ಲಬೇಕು. ಕಾಣುತ್ತಿರುವುದನ್ನು, ಕೇಳುತ್ತಿರುವುದನ್ನು ಒಂದೊಂದಾಗಿ ಅವನಿಗೆ ಒಪ್ಪಿಸಬೇಕು. ಅವನು ಅದನ್ನು ತನ್ನ ಬಾಯಲ್ಲಿ ಹೇಳಬೇಕು. ಹೇಳಿದ ಮೇಲೆ ಆ ಕಡಲು ಅವನದು. ಅಲ್ಲಿಯವರೆಗೆ ನಿನ್ನದು.

ಹಾಲ್ಡೋರನಿಗೆ ಒಪ್ಪಿಸಿದೆ: ಬಲಕ್ಕೆ ದೂರದಲ್ಲಿ ಬಿಳಿ ದೀಪ, ಆರಿ ಹತ್ತುತ್ತಿದೆ. ಎಡಕ್ಕೆ ಏನೂ ಇಲ್ಲ. ಮುಂದೆ ಏನೂ ಇಲ್ಲ. ನಮ್ಮ ದೀಪಗಳು ಚೆನ್ನಾಗಿ ಉರಿಯುತ್ತಿವೆ. ಅವನು ನಗದೆ, ಕರಪತ್ರ ಎನ್ನದೆ, ಮಾತು ಮಾತಿಗೆ ಮರುನುಡಿದ. ನಾನು ಚುಕ್ಕಾಣಿ ತೆಗೆದುಕೊಳ್ಳುವವರೆಗೆ ಅದನ್ನು ಬ್ರೂನ್ ಹಿಡಿದಿದ್ದರು.

ಹಗಲು ಮಾತ್ರ ಅದೇ ಸುತ್ತಿಗೆ.

೧೭ ಮಾರ್ಚ್, ಸೋಮವಾರ. ಸ್ವೊಲ್ವರ್

ನಡೆದದ್ದು ನಡೆದಂತೆ.

ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಬಂದರು ಇನ್ನು ಒಂದು ಗಂಟೆಯ ದಾರಿ ಎನ್ನುವಾಗ ಪಡುವಣದಿಂದ ಹಿಮ ಬಂತು. ಮೊದಲು ಬೆಟ್ಟ ಹೋಯಿತು, ಆಮೇಲೆ ನೀರು, ಆಮೇಲೆ ನಮ್ಮದೇ ಕೂವೆಮರದ ತುದಿ. ಬ್ರೂನ್ ಕಟ್ಟೆಯಿಂದ ನನ್ನನ್ನು ಮೂತಿಗೆ ಕಳಿಸಿದರು. ಸುತ್ತಿಗೆಯನ್ನು ಅಲ್ಲೇ ಬಿಟ್ಟು ಹೋದೆ. ಹಾಲ್ಡೋರ್ ಚುಕ್ಕಾಣಿಯಲ್ಲಿದ್ದ. ವೇಗ ಅರ್ಧಕ್ಕೆ ಇಳಿಯಿತು. ಪ್ರತಿ ಎರಡು ನಿಮಿಷಕ್ಕೆ ನಮ್ಮ ಎಚ್ಚರಿಕೆಯ ಕೊಂಬು.

ಕ್ಯಾಪ್ಟನ್ ಮೇಲೆ ಬಂದರು. ಮುಟ್ಟಿದ ಕೂಡಲೇ ಉಪ್ಪು ಇಳಿಸಲು ಉಗ್ರಾಣದ ಮುಚ್ಚಳ ಆಗಲೇ ತೆರೆದಿರಬೇಕು ಎಂಬುದು ಅವರ ಆತುರ. ಇನ್ನೊಂದು ಪಾಳಿಯ ಇಬ್ಬರು ಮುಚ್ಚಳದ ಮರದ ತೊಲೆಗಳ ಜೊತೆ ಹೆಣಗುತ್ತಿದ್ದರು. ಮೂರನೆಯವನಿಲ್ಲದೆ ಅವು ಏಳುವುದಿಲ್ಲ. ಕ್ಯಾಪ್ಟನ್ ದನಿ ದೂರ ಒಯ್ಯುವ ತುತ್ತೂರಿ ಹಿಡಿದು ನನ್ನನ್ನು ಕೂಗಿದರು.

ನಾನು ತಿರುಗದೆ ಉತ್ತರ ಕೊಟ್ಟೆ. "ಬದಲಿ ಕಳ್ಸಿ ಕ್ಯಾಪ್ಟನ್ರೇ, ಇಳೀತೀನಿ."

ಬದಲಿ ಯಾರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಎರಡನೆಯ ಸಲ ಕೂಗಿದರು. ಮೂರನೆಯ ಸಲ, ಇದು ಅಪ್ಪಣೆ, ಇಳಿಯದಿದ್ದರೆ ಈ ಬಂದರೇ ನಿನಗೆ ಕೊನೆ ಎಂದರು. ಬ್ರೂನ್ ಅವರ ದನಿ ಕೇಳಲಿಲ್ಲ. ಅವರು ಏನು ಮಾಡುತ್ತಿದ್ದಾರೆಂದು ತಿರುಗಿ ನೋಡುವ ಆಸೆಯಾಯಿತು. ತಿರುಗಿದರೆ ಅಷ್ಟು ಹೊತ್ತು ಮುಂದೆ ಯಾರೂ ನೋಡುತ್ತಿರುವುದಿಲ್ಲ. ತಿರುಗಲಿಲ್ಲ.

ನಮ್ಮ ಕೊಂಬು ಊದಿ ನಿಂತಿತು. ಅದರ ಬೆನ್ನಿಗೇ ಒಂದು ಸದ್ದು. ಟಕ್, ಟಕ್. ನಿಂತಿತು. ಮತ್ತೆ ಟಕ್, ಟಕ್. ಕೊಂಬಿನದಲ್ಲ, ಎಂಜಿನ್ನಿನದಲ್ಲ. ಏನೆಂದು ತಿಳಿಯಲಿಲ್ಲ. ಒಂದು ಗಂಟೆ ಬಾರಿಸಿ, ಬಲಗೈಯನ್ನು ಸದ್ದಿನ ಕಡೆಗೆ ಚಾಚಿ ಕೂಗಿದೆ:

"ಮುಂದೆ, ಚೂರು ಬಲಕ್ಕೆ. ಮರಕ್ಕೆ ಮರ ತಟ್ಟಿದ ಸದ್ದು. ಹತ್ತಿರ."

ಅದು ಲಂಗರಿನ ಸರಪಳಿಯ ಮೇಲಿನ ಮಂಜುಗಡ್ಡೆ ಎಂದು ಕ್ಯಾಪ್ಟನ್ ಹೇಳುತ್ತಿರುವಾಗಲೇ ಎಂಜಿನ್ನಿಗೆ ಗಂಟೆ ಹೋಯಿತು. ನಿಲ್ಲಿಸು, ಪೂರ್ತಿ ಹಿಂದಕ್ಕೆ. ಕೊಟ್ಟವರು ಬ್ರೂನ್. ಹಡಗು ಮೈಯೆಲ್ಲ ನಡುಗಿತು.

ಹಿಮದೊಳಗಿಂದ ದೋಣಿ ಬಂತು. ದೋಣಿ ಬರಲಿಲ್ಲ, ನಾವೇ ಅದರ ಮೇಲೆ ಹೋಗುತ್ತಿದ್ದೆವು. ಸಣ್ಣ ಹುಟ್ಟುದೋಣಿ. ಒಳಗೆ ಒಬ್ಬ ಮುದುಕ, ಒಬ್ಬ ಹೆಂಗಸು. ಹೆಂಗಸು ನಿಂತುಕೊಂಡು ನೀರು ತೋಡುವ ಮರದ ಮೊಗೆಯಿಂದ ದೋಣಿಯ ಅಂಚಿಗೆ ಬಡಿಯುತ್ತಿದ್ದಳು. ನಮ್ಮ ಮೂತಿ ಅವರ ಹುಟ್ಟಿನ ತುದಿಯನ್ನು ಸವರಿ ನಿಂತಿತು. ಬಗ್ಗಿದ್ದರೆ ಅವಳ ತಲೆಯ ವಸ್ತ್ರ ಕೈಗೆ ಸಿಗುತ್ತಿತ್ತು. ಮುದುಕ ಮೇಲೆ ನೋಡಲೂ ಇಲ್ಲ. ಅವನ ಗಾಳದಲ್ಲಿ ಕಾಡ್ ಮೀನು ಬಿದ್ದಿತ್ತು, ಎಳೆಯುತ್ತಲೇ ಇದ್ದ.

ಹೆಂಗಸು ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು.

"ನಾನು ತಟ್ಟಿದ್ದು ಯಾರಿಗೆ ಕೇಳ್ಸಿದ್ದು?"

ನಾನು ಕೈ ಎತ್ತಿದೆ. ಅವಳು ತಲೆಯಾಡಿಸಿ ಕೂತುಕೊಂಡಳು. ಅಷ್ಟೇ ನಡೆದದ್ದು.

ಬಂದರು ಮುಟ್ಟಿ ಲಂಗರು ಬಿದ್ದಿತು. ಹಿಮ ನಿಂತಿತು. ಎಲ್ಲರೂ ಉಗ್ರಾಣದ ಹತ್ತಿರ. ನನ್ನನ್ನು ಇಳಿ ಎಂದು ಯಾರೂ ಹೇಳಲಿಲ್ಲ, ನಾನು ಇಳಿಯಲಿಲ್ಲ. ಕಾಲು ಮರಗಟ್ಟಿತ್ತು. ಆಗ ಬ್ರೂನ್ ನಡೆದು ಬಂದು ನನ್ನ ಪಕ್ಕದಲ್ಲಿ, ಬದಲಿ ನಿಲ್ಲುವ ಜಾಗದಲ್ಲಿ ನಿಂತರು. ಟೋಪಿ ಕಿವಿಯಿಂದ ಎತ್ತಿಕೊಂಡರು.

"ಹೇಳು" ಎಂದರು.

ಬಲಕ್ಕೆ ಎರಡು ದೋಣಿ, ಒಳಗೆ ಬರುತ್ತಿವೆ ಎಂದೆ. ಎಡಕ್ಕೆ ಬಂಡೆಯ ಮೇಲೆ ಕಂಬ. ಮುಂದೆ ಬಂದರಿನ ಕಟ್ಟೆ, ಅದರ ಮೇಲೆ ಜನ. ಅವರು ಒಂದೊಂದನ್ನೂ ಮರುನುಡಿದರು. ಆಮೇಲೆ, ಇಳಿ, ಹೋಗಿ ಕಾಫಿ ಕುಡಿ ಎಂದರು.

ಕೊರ್ನೆಲಿಯಸ್ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟ. ಅವನು ಯಾರಿಗೂ ಒಂದರ ಮೇಲೆ ಹಾಕಿದವನಲ್ಲ.

೧೮ ಮಾರ್ಚ್, ಮಂಗಳವಾರ

ಕ್ಯಾಪ್ಟನ್ ಕರೆಸಿದರು. ಅಪ್ಪಣೆ ಮೀರಿದ್ದಕ್ಕೆ ನನ್ನನ್ನು ಇಲ್ಲೇ ಇಳಿಸುತ್ತಾರೆ. ಹಡಗು ಶುಕ್ರವಾರ ಮಧ್ಯಾಹ್ನ ಹೊರಡುತ್ತದೆ, ನಾನಿಲ್ಲದೆ, ಹಗಲಿನ ಮುಂಗಾವಲೂ ಇಲ್ಲದೆ. ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿದರೆ ಇಟ್ಟುಕೊಳ್ಳುತ್ತಾರಂತೆ. ನಿನ್ನೆ ದೋಣಿಯನ್ನು ಕಂಡಾಗ ಅವರ ಮುಖ ಬಿಳಿಚಿಕೊಂಡಿತ್ತು. ಇಂದು ಅದನ್ನು ಮರೆಯಲು ಹೊರಟಂತೆ ಕಂಡರು. ಅವರ ಮೇಜಿನ ಮೇಲೆ ಇನ್ನೊಂದು ತಂತಿ ಇತ್ತು.

"ತಪ್ಪಾಗಿಲ್ಲ ಕ್ಯಾಪ್ಟನ್ರೇ" ಎಂದೆ.

ಬ್ರೂನ್ ಬಾಗಿಲಲ್ಲಿ ನಿಂತಿದ್ದರು. ಈ ಹುಡುಗನನ್ನು ಮೂತಿಗೆ ಕಳಿಸಿದ್ದು ನಾನು, ಬದಲಿಯಿಲ್ಲದೆ ಕರೆದದ್ದು ನಾನಲ್ಲ, ಆದ್ದರಿಂದ ಅವನು ಮೀರಿದ ಅಪ್ಪಣೆ ಯಾವುದು ಎಂದು ತಿಳಿಯದು ಎಂದರು. ಒಬ್ಬ ಮೇಟ್ ತನ್ನ ಕ್ಯಾಪ್ಟನ್ನಿಗೆ ಹೀಗೆ ಮಾತಾಡಿದರೆ ಏನಾಗುತ್ತದೆಂದು ನನಗೆ ಗೊತ್ತು. ಬೇರೆ ಹಡಗು ಸಿಗುವುದು ಕಷ್ಟ.

ಚೀಲ ಕಟ್ಟುತ್ತಿದ್ದೆ. ಕರಪತ್ರಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿ ಒಲೆಯ ಹತ್ತಿರ ಒಣಗಲು ಹಾಕಿದೆ.

ಸಂಜೆ, ಹಡಗು ಬಂದರಿನ ಕಟ್ಟೆಗೆ ಸೇರಿದ ಮೇಲೆ, ಆ ಹೆಂಗಸು ಬಂದಳು. ಹೆಸರು ಯೊರ್ಗಿನೆ, ಮುದುಕ ಅವಳ ಮಾವ ಓಲುಫ್. ಗಂಡ ಜ್ವರದಿಂದ ಮಲಗಿದ್ದಾನೆ, ಅದಕ್ಕೆ ಅವಳು ಹುಟ್ಟು ಹಿಡಿದದ್ದು. ಏಣಿಯ ಬುಡದಿಂದ ಒಂದು ದೊಡ್ಡ ಕಾಡ್ ಮೀನನ್ನು ಡೆಕ್ಕಿನ ಮೇಲಕ್ಕೆ ಎಸೆದು, ನಿನ್ನೆ ಮಾವ ಬಿಡದೆ ಎಳೆದದ್ದು ಇದೇ, ಇದರ ಅರ್ಧ ಆ ಕೈ ಎತ್ತಿದವನಿಗೆ, ಉಳಿದರ್ಧ ಮೂಗು ಸೊಟ್ಟಗಿರುವ ಅಡುಗೆಯವನಿಗೆ ಎಂದಳು. ಕೊರ್ನೆಲಿಯಸ್ ಮೂಗು ಮುಟ್ಟಿ ನೋಡಿಕೊಂಡ. ನನ್ನನ್ನು ಇಳಿಸುತ್ತಿದ್ದಾರೆಂದು ಅವನೇ ಅವಳಿಗೆ ಹೇಳಿದ. ಅವಳು ಯಾವತ್ತು ಎಂದು ಕೇಳಿಕೊಂಡು ಹೋದಳು.

೧೯ ಮಾರ್ಚ್, ಬುಧವಾರ

ಬೆಳಿಗ್ಗೆ ಉಪ್ಪು ಇಳಿಸುವ ಮೊದಲು ಕ್ಯಾಪ್ಟನ್ ಎಲ್ಲರನ್ನೂ ಡೆಕ್ಕಿಗೆ ಕರೆದರು. ಶುಕ್ರವಾರದಿಂದ ಮುಂಗಾವಲು ಹಾಲ್ಡೋರನದು, ಕತ್ತಲಲ್ಲಿ ಮಾತ್ರ ಎಂದರು.

ಹಾಲ್ಡೋರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಗೋಬೋದು ಕ್ಯಾಪ್ಟನ್ರೇ. ಆದ್ರೆ ನಂಗೆ ಒಪ್ಪಿಸೋರು ಯಾರು? ಮೂತಿ ಈಗ ಮೇಟ್ರ ಹತ್ರ ಇದೆ. ಸೋಮವಾರ ಐಲಿಫ್ ಅವರಿಗೆ ಒಪ್ಪಿಸಿದ, ಅವರು ತಗೊಂಡ್ರು. ನಾವೆಲ್ಲ ನೋಡಿದೀವಿ."

ಎಲ್ಲರೂ ಬ್ರೂನ್ ಅವರ ಕಡೆ ತಿರುಗಿದರು. ಅವರು ಕೈಗವಸನ್ನು ನಿಧಾನವಾಗಿ ಬಿಚ್ಚಿದರು.

"ಒಪ್ಪಿಸ್ತೀನಿ. ಕೈಯಲ್ಲಿ ಏನೂ ಇಲ್ದೋನಿಗೆ. ಹಗಲಾಗ್ಲಿ, ರಾತ್ರಿಯಾಗ್ಲಿ. ಸುತ್ತಿಗೆ ಹಿಡ್ದೋನಿಗೆ ನಾನು ಕಡಲು ಕೊಡಲ್ಲ."

ಕ್ಯಾಪ್ಟನ್ ಇನ್ನೊಂದು ಪಾಳಿಯ ಇಬ್ಬರ ಕಡೆ ನೋಡಿದರು. ಮುಚ್ಚಳದ ಹತ್ತಿರ ನನ್ನ ದಾರಿ ಕಾದು ಸುಸ್ತಾಗಿದ್ದವರೇ ಅವರು. ಒಬ್ಬ ಸುತ್ತಿಗೆಯನ್ನು ಡೆಕ್ಕಿನ ಮೇಲೆ ಇಟ್ಟ. ಇನ್ನೊಬ್ಬನೂ ಇಟ್ಟ. ಎಸೆಯಲಿಲ್ಲ, ಸದ್ದಾಗದಂತೆ ಇಟ್ಟರು. ನಾನು ಒಂದು ಮಾತೂ ಆಡಿರಲಿಲ್ಲ.

ರಾತ್ರಿಗೂ ಮುಂಗಾವಲಿಲ್ಲದೆ ಹಡಗು ಹೊರಡುವಂತಿಲ್ಲ. ಕ್ಯಾಪ್ಟನ್ ಕೊನೆಗೆ, ಇದನ್ನು ನಾನೊಬ್ಬನೇ ತೀರ್ಮಾನಿಸಲಾರೆ, ಬಂದರಿನ ಅಧಿಕಾರಿಯ ಮುಂದೆ ಇಡುತ್ತೇನೆ, ನಿಮಗೆ ಹೇಳುವುದಿದ್ದರೆ ಅಲ್ಲೇ ಹೇಳಿ ಎಂದರು. ಮಾಲೀಕನಿಗೆ ಅವರೇ ತಂತಿ ಕಳಿಸಿದ್ದಾರೆ. ಅವರ ಭುಜ ನಿನ್ನೆಗಿಂತ ಹಗುರಾದಂತೆ ಕಂಡಿತು. ಅದು ನನ್ನ ಊಹೆ.

ಏನು ಕೇಳಬೇಕೆಂದು ಬರೆದುಕೊಡಲು ನಾವಿಕರು ನನಗೆ ಹೇಳಿದರು. ಓದು ಬಲ್ಲವನು ನೀನೇ ಎಂದ ಹಾಲ್ಡೋರ್. ಬರೆದೆ: ಪ್ರತಿ ಪಾಳಿಗೆ ಮೂವರು. ಹಿಮದಲ್ಲಿ, ಮಂಜಿನಲ್ಲಿ, ಕತ್ತಲಲ್ಲಿ, ದೋಣಿಗಳಿರುವ ನೀರಿನಲ್ಲಿ ಒಬ್ಬನಿಗೆ ನೋಡುವುದೊಂದೇ ಕೆಲಸ. ಸೋಮವಾರ ಇಂಥಲ್ಲಿ ಹೀಗಾಯಿತು. ಓದಿ ತೋರಿಸಿದೆ. ಇಷ್ಟೇನಾ ಎಂದು ಕೊರ್ನೆಲಿಯಸ್ ಕೇಳಿದ. ಇಷ್ಟೇ ಎಂದೆ. ಎಲ್ಲರೂ ಸಹಿ ಹಾಕಿದರು. ಕೊರ್ನೆಲಿಯಸ್ ಕೈ ಒರೆಸಿಕೊಂಡು ಎಲ್ಲರಿಗಿಂತ ದೊಡ್ಡದಾಗಿ ಹಾಕಿದ.

ಬ್ರೂನ್ ಸಹಿ ಹಾಕಲಿಲ್ಲ. ಅಧಿಕಾರಿ ಹಾಕುವಂತಿಲ್ಲ. ಆದರೆ ಜೊತೆಗೆ ಬರುತ್ತೇನೆ, ಕೇಳಿದರೆ ಕಂಡದ್ದನ್ನು ಹೇಳುತ್ತೇನೆ ಎಂದರು. ಯೊರ್ಗಿನೆ ತಾನೂ ಬರುವುದಾಗಿ ಹೇಳಿಕಳಿಸಿದ್ದಾಳೆ. ಮಾವನನ್ನೂ ಕರೆತರುತ್ತಾಳಂತೆ, ಆ ಹೊತ್ತಿಗೆ ಮೀನು ಕಚ್ಚದಿದ್ದರೆ.

ಬಂದರಿನ ಅಧಿಕಾರಿಯ ಬಳಿಗೆ ಹೋಗುವುದು ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ. ಸೇರುವುದು ಶುಕ್ರವಾರ, ಮಾರ್ಚ್ ೨೧, ಬೆಳಿಗ್ಗೆ ಒಂಬತ್ತು ಗಂಟೆಗೆ, ಉಪ್ಪಿನ ಗೋದಾಮಿನ ಮುಂದೆ.